ಪಂಪ್‌ಸೆಟ್ಟಿಗೆ ಚಳಿ ಹಿಡಿದಾಗ

ಎಂಜಿನ್ ಶುರುವಾಗುತ್ತಿತ್ತು. ತಲೆನೋವು ಇದ್ದಿದ್ದೇ ಅಲ್ಲಿ. ಶುರುವೇ ಆಗದಿದ್ದರೆ ಎಲ್ಲಿ ಕೈ ಹಾಕಬೇಕು ಅಂತ ಒಂದು ಅಂದಾಜು ಸಿಗುತ್ತದೆ. ಇದು ಹ್ಯಾಂಡಲ್ ಹಾಕಿ ತಿರುಗಿಸಿದರೆ ಎರಡನೇ ಸುತ್ತಿಗೇ ಹಿಡಿಯುತ್ತಿತ್ತು. ಎಂಟು ಹತ್ತು ನಿಮಿಷ ಚೆನ್ನಾಗಿ ಓಡುತ್ತಿತ್ತು. ಆಮೇಲೆ ಸದ್ದು ಏರಿ ಇಳಿದು, ಏದುಸಿರು ಬಿಟ್ಟ ಹಾಗೆ ಮಾಡಿ, ನಿಂತುಬಿಡುತ್ತಿತ್ತು. ಮತ್ತೆ ತಿರುಗಿಸಿದರೆ ಒಂದು ನಿಮಿಷ. ಮೂರನೇ ಸಲ ಅದೂ ಇಲ್ಲ.

ನಮ್ಮ ತೋಟ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಮನೆ ಮೇಲೆ, ತೋಟ ಕೆಳಗೆ, ತೋಟದ ಅಂಚಿಗೆ ಹಳ್ಳ. ಮಳೆಗಾಲ ಮುಗಿದ ಮೇಲೆ ಹಳ್ಳಕ್ಕೆ ಕಟ್ಟ ಹಾಕಿ ನೀರು ನಿಲ್ಲಿಸುತ್ತೇವೆ. ಆ ನೀರಿಗೆ ನಾಲ್ಕು ಮನೆ ಪಾಲುದಾರರು. ನಮ್ಮ ಪಾಳಿ ಬೆಳಿಗ್ಗೆ 6ರಿಂದ 9. ಚಳಿಯಲ್ಲಿ ಯಾಕೆ ಒದ್ದಾಡುತ್ತೀರಿ, ಮಧ್ಯಾಹ್ನ ಓಡಿಸಿ ಅಂತ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ, ಪಾಳಿ ತಪ್ಪಿದರೆ ಅಡಿಕೆ ಮರಕ್ಕೆ ಮುಂದಿನ ನೀರು ನಾಲ್ಕು ದಿನ ಬಿಟ್ಟು.

ಎಂಜಿನ್ ಅಪ್ಪನ ಕಾಲದ್ದು. ಕಿರ್ಲೋಸ್ಕರ್ ಎವಿ1, 5 ಎಚ್‌ಪಿ, ಒಂದೇ ಸಿಲಿಂಡರ್, 553 ಸಿಸಿ, 1500 ಆರ್‌ಪಿಎಂ. ನೀರಿನಿಂದ ತಣ್ಣಗಾಗುವ ಮಾದರಿ. ಪಂಪಿನ ಡೆಲಿವರಿ ಪೈಪಿನಿಂದ ಒಂದು ಸಣ್ಣ ಕವಲು ತೆಗೆದು ಎಂಜಿನ್ನಿಗೆ ಕೊಟ್ಟಿದ್ದೇವೆ. ಅದು ಒಳಗೆ ಸುತ್ತಿ ಬಿಸಿಯಾಗಿ ಹೊರಗೆ ಚರಂಡಿಗೆ ಹೋಗುತ್ತದೆ. ಈ ಬಿಸಿ ನೀರಿನ ವಿಷಯ ಆಮೇಲೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಹಳೆಯದೆಲ್ಲ ಹಳೆಯದೇ. ಹೊಸದು ಅಂದರೆ ಎಣ್ಣೆ ಮಾತ್ರ. ಶಿವಮೊಗ್ಗದ ಹತ್ತಿರ ನನ್ನ ಭಾವನ ಒಂದು ಸಣ್ಣ ಘಟಕ ಇದೆ. ಹೋಟೆಲುಗಳಲ್ಲಿ ಕರಿದು ಮಿಕ್ಕ ಎಣ್ಣೆಯಿಂದ ಬಯೋಡೀಸೆಲ್ ಮಾಡುತ್ತಾರೆ. ಅಕ್ಟೋಬರಿನಲ್ಲಿ 200 ಲೀಟರಿನ ಒಂದು ಬ್ಯಾರಲ್ ಕಳಿಸಿ, "ಓಡಿಸಿ ನೋಡು, ಹಳೇ ಎಂಜಿನ್ನಿಗೆ ಇದು ಅಮೃತ" ಎಂದಿದ್ದರು. ನವೆಂಬರ್ ಮುಗಿಯುವವರೆಗೆ ಅಮೃತವೇ ಆಗಿತ್ತು. ಹೊಗೆ ಕಡಿಮೆ. ಶೆಡ್ಡಿನ ತುಂಬ ಬೋಂಡಾ ಕರಿದ ವಾಸನೆ. ನಾಯಿ ಬಂದು ಸೈಲೆನ್ಸರ್ ಹತ್ತಿರ ಮೂಸುತ್ತಿತ್ತು.

ಮೊದಲ ಬೆಳಗು, ಎರಡನೇ ಬೆಳಗು

ಡಿಸೆಂಬರ್ ಎರಡನೇ ವಾರ. ನಿಂತ ಎಂಜಿನ್ ನೋಡಿ ನಾನು ಮೊದಲು ಏರ್ ಲಾಕ್ ಅಂದುಕೊಂಡೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಗಾಳಿ ತೆಗೆಯಲು ಹೋದೆ. ಗಾಳಿ ಗುಳ್ಳೆ ಬರಬೇಕು, ಅದರ ಹಿಂದೆ ಎಣ್ಣೆ ಧಾರೆ ಬರಬೇಕು. ಗುಳ್ಳೆಯೂ ಇಲ್ಲ, ಧಾರೆಯೂ ಇಲ್ಲ. ತೊಟ್ಟಿಕ್ಕಿಕೊಂಡು ಒಂದೊಂದು ಹನಿ. ಹಾಗಾದರೆ ಟ್ಯಾಂಕಿನ ಮುಚ್ಚಳದ ತೂತು ಮುಚ್ಚಿಕೊಂಡಿರಬೇಕು ಅನಿಸಿತು. ಇದು ನಮ್ಮ ಕಡೆ ಸಾಮಾನ್ಯ. ಕಣಜದ ಹುಳ ಬಂದು ಮಣ್ಣು ಮೆತ್ತಿ ಹೋಗಿರುತ್ತದೆ. ಗಾಳಿ ಒಳಗೆ ಹೋಗದಿದ್ದರೆ ಎಣ್ಣೆ ಕೆಳಗೆ ಇಳಿಯುವುದಿಲ್ಲ. ಮುಚ್ಚಳವನ್ನೇ ತೆಗೆದಿಟ್ಟೆ. ಏನೂ ಬದಲಾಗಲಿಲ್ಲ.

ಪಾಳಿ ಮುಗಿಯಿತು. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವರು ಬಂದಿದ್ದು ಮಧ್ಯಾಹ್ನ ಎರಡಕ್ಕೆ. ಹ್ಯಾಂಡಲ್ ಹಾಕಿದರು. ಒಂದೇ ಸುತ್ತು. ಅರ್ಧ ಗಂಟೆ ಓಡಿತು, ಒಂದು ಸಲವೂ ಕೆಮ್ಮಲಿಲ್ಲ.

"ಇದಕ್ಕೆ ಎಂಥದೂ ಆಗಿಲ್ಲ ಮಾರಾಯ್ರೇ" ಎಂದರು. ನನ್ನ ಮುಖ ನೋಡಿ ಕಾಫಿ ಕುಡಿದು ಹೋದರು. ದುಡ್ಡು ತಗೊಳ್ಳಲಿಲ್ಲ. ಅದು ಇನ್ನೂ ಜಾಸ್ತಿ ನಾಚಿಕೆ.

ಮರುದಿನದ ಪಾಳಿಯನ್ನು ಪಕ್ಕದ ಮನೆಯವರ ಹತ್ತಿರ ಬೇಡಿ ಅದಲು ಬದಲು ಮಾಡಿಕೊಂಡೆ. ಬೆಳಿಗ್ಗೆ ಆರಕ್ಕೆ ಶುರು ಮಾಡಿದೆ. ಆರೂ ಹತ್ತಕ್ಕೆ ನಿಂತಿತು. ಈ ಸಲ ಫಿಲ್ಟರ್ ಬಿಚ್ಚಿದೆ. ಒಳಗಿನ ಕಾಗದದ ಎಲಿಮೆಂಟ್ ಸುತ್ತ ಬಿಳಿ ಹಳದಿ ಬಣ್ಣದ ಮೆತ್ತನೆ ಪದರ. ಉಗುರಿನಿಂದ ಕೆರೆದರೆ ಬರುತ್ತಿತ್ತು. ಬಟ್ಟಲಿನ ತಳದಲ್ಲೂ ಅದೇ. ನಾನು ಇದು ನೀರು ಸೇರಿ ಹುಟ್ಟಿದ ಪಾಚಿ ಅಂದುಕೊಂಡೆ. ಡೀಸೆಲ್ ಮತ್ತು ನೀರು ಸೇರುವ ಕಡೆ ಹಾಗೊಂದು ಲೋಳೆ ಬೆಳೆಯುವುದು ನಿಜ, ಆದರೆ ಅದು ಕಪ್ಪಗೆ ಇರುತ್ತದೆ. ಅದು ಆಗ ಹೊಳೆಯಲಿಲ್ಲ.

ಎಲಿಮೆಂಟನ್ನು ಒಂದು ಸ್ಟೀಲ್ ತಟ್ಟೆಯಲ್ಲಿಟ್ಟು ಮನೆಗೆ ತಂದೆ. ಬಚ್ಚಲುಮನೆಯಲ್ಲಿ ಹಂಡೆ ಒಲೆ ಉರಿಯುತ್ತಿತ್ತು. ಒಲೆಯಿಂದ ದೂರದ ಕಟ್ಟೆಯ ಮೇಲೆ ತಟ್ಟೆ ಇಟ್ಟೆ, ತಿಂಡಿ ತಿಂದು ಬಂದು ತೊಳೆಯೋಣ ಅಂತ. ಅಮ್ಮ ಅಲ್ಲಿಗೆ ಹೋದವರು ಕೂಗಿ ಕೇಳಿದರು.

"ಇದೇನೋ ಇದು, ಎಂಜಿನ್ನಿಗೆ ತುಪ್ಪ ಹಾಕಿದೀಯನಾ?"

"ತುಪ್ಪ ಅಲ್ಲಮ್ಮ, ಪಾಚಿ."

"ಪಾಚಿ ಕರಗ್ತದನಾ?"

ಎದ್ದು ಹೋಗಿ ನೋಡಿದೆ. ಬಿಳಿ ಪದರ ಇರಲಿಲ್ಲ. ತಟ್ಟೆಯ ತುಂಬ ತಿಳಿಯಾದ ಹಳದಿ ಎಣ್ಣೆ. ಎಲಿಮೆಂಟ್ ಹೊಸದರ ಹಾಗೆ ಸ್ವಚ್ಛ. ಚಳಿಗಾಲದಲ್ಲಿ ಹೆರೆತ ತುಪ್ಪವನ್ನು ಒಲೆ ಪಕ್ಕ ಇಟ್ಟರೆ ಏನಾಗುತ್ತದೋ ಅದೇ ಆಗಿತ್ತು. ಮೆಕ್ಯಾನಿಕ್ ಬಂದಾಗ ಕಾಯಿಲೆ ಯಾಕೆ ಮಾಯವಾಗಿತ್ತು ಅನ್ನುವುದೂ ಆಗಲೇ ಅರ್ಥವಾಯಿತು. ಮಧ್ಯಾಹ್ನ ಎರಡಕ್ಕೆ ಶೆಡ್ಡಿನೊಳಗೆ 27 ಡಿಗ್ರಿ ಇರುತ್ತದೆ.

ಬೆಳಿಗ್ಗೆ ಎಷ್ಟಿರುತ್ತದೆ? ಅದನ್ನು ನಾನು ಯಾವತ್ತೂ ಅಳೆದಿರಲಿಲ್ಲ. ರಾತ್ರಿಯ ಕನಿಷ್ಠ ಉಷ್ಣತೆಯನ್ನು ಗುರುತಿಟ್ಟುಕೊಳ್ಳುವ ಥರ್ಮಾಮೀಟರ್ ಎರಡು ತಂದು, ಒಂದನ್ನು ಮನೆಯ ಜಗುಲಿಯಲ್ಲಿ, ಇನ್ನೊಂದನ್ನು ಪಂಪ್‌ಶೆಡ್ಡಿನಲ್ಲಿ ತೂಗುಹಾಕಿದೆ. ಜಗುಲಿಯಲ್ಲಿ 15, ಶೆಡ್ಡಿನಲ್ಲಿ 11. ತಣ್ಣನೆ ಗಾಳಿ ಭಾರ. ರಾತ್ರಿಯಿಡೀ ಗುಡ್ಡದಿಂದ ಇಳಿದು ಹಳ್ಳದ ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮ ಎಂಜಿನ್ ಕೂತಿರುವುದು ಸರಿಯಾಗಿ ಆ ತಗ್ಗಿನಲ್ಲೇ.

ಎಣ್ಣೆ ಯಾಕೆ ಗಟ್ಟಿಯಾಗುತ್ತದೆ

ಇದನ್ನು ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನ ಕೆಲಸ ಅರ್ಥವಾಗುವುದಿಲ್ಲ. ಬಂಕಿನ ಡೀಸೆಲ್‌ನಲ್ಲಿ ಮೇಣದ ಜಾತಿಯ ಪ್ಯಾರಾಫಿನ್ ಇರುತ್ತದೆ. ಬೆಚ್ಚಗಿದ್ದಾಗ ಕರಗಿಕೊಂಡಿರುತ್ತದೆ, ತಣ್ಣಗಾದರೆ ಹರಳಾಗುತ್ತದೆ. ಎಣ್ಣೆ ಮೊದಲು ಮಸುಕಾಗುವ ಹಂತಕ್ಕೆ ಕ್ಲೌಡ್ ಪಾಯಿಂಟ್ ಅನ್ನುತ್ತಾರೆ. ಇನ್ನೂ ತಣ್ಣಗಾದರೆ ಹರಳುಗಳು ಫಿಲ್ಟರ್ ಮುಚ್ಚುತ್ತವೆ. ಆ ಡಿಗ್ರಿಗೆ ಸಿಎಫ್‌ಪಿಪಿ (ಕೋಲ್ಡ್ ಫಿಲ್ಟರ್ ಪ್ಲಗಿಂಗ್ ಪಾಯಿಂಟ್) ಅಂತ ಹೆಸರು. ಮತ್ತೂ ತಣ್ಣಗಾದರೆ ಎಣ್ಣೆ ಹರಿಯುವುದೇ ಇಲ್ಲ, ಅದು ಪೋರ್ ಪಾಯಿಂಟ್. ನಮಗೆ ಬೇಕಾದದ್ದು ನಡುವಿನದು. ಎಣ್ಣೆ ಟ್ಯಾಂಕಿನಲ್ಲಿ ಇನ್ನೂ ನೀರಿನ ಹಾಗೆ ಅಲ್ಲಾಡುತ್ತಿದ್ದರೂ ಫಿಲ್ಟರ್ ಕಟ್ಟಿಕೊಂಡು ಎಂಜಿನ್ ನಿಂತಿರುತ್ತದೆ. ಎಂಟು ಹತ್ತು ನಿಮಿಷ ಓಡುತ್ತಿದ್ದದ್ದು ಇದಕ್ಕೇ. ಹರಳು ಫಿಲ್ಟರ್ ಮೇಲೆ ಒಂದೊಂದೇ ಪದರ ಕೂರಲು ಅಷ್ಟು ಹೊತ್ತು ಬೇಕು.

ಡೀಸೆಲ್‌ಗೆ ಇರುವ ಭಾರತೀಯ ಮಾನಕ ಐಎಸ್ 1460. ಅದರ ಪ್ರಕಾರ ಸಿಎಫ್‌ಪಿಪಿ ಚಳಿಗಾಲದಲ್ಲಿ 6 ಡಿಗ್ರಿ ಮೀರಬಾರದು, ಬೇಸಿಗೆಯಲ್ಲಿ 18 ಮೀರಬಾರದು. ಚಳಿಗಾಲ ಅಂದರೆ ನವೆಂಬರಿನಿಂದ ಫೆಬ್ರವರಿ. ಹಾಗಾಗಿ ಮಲೆನಾಡಿನ ಚಳಿಗೆ ಬಂಕಿನ ಡೀಸೆಲ್ ಹೆದರುವ ಕಾರಣ ಇಲ್ಲ. ಲಡಾಖ್‌ನ ಕಥೆ ಬೇರೆ. ಅಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗುವ ಜಾಗಗಳಿವೆ. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಅಲ್ಲಿಗಾಗಿಯೇ ಚಳಿಗಾಲದ ಡೀಸೆಲ್ ಬಿಟ್ಟಿತು, ಪೋರ್ ಪಾಯಿಂಟ್ ಮೈನಸ್ 33. ಪಾಣಿಪತ್ ರಿಫೈನರಿಯಲ್ಲಿ ಮಾಡಿದ್ದು. ಅದಕ್ಕೂ ಮೊದಲು ಅಲ್ಲಿ ಡ್ರೈವರುಗಳು ಲಾರಿಯ ಟ್ಯಾಂಕಿನ ಕೆಳಗೆ ಬೆಂಕಿ ಹಾಕಿ ಕಾಯಿಸುತ್ತಿದ್ದರು. ನಮ್ಮ ಶೆಡ್ಡಿನ ಮಾಡು ಅಡಿಕೆ ಸೋಗೆಯದ್ದು. ಆ ವಿದ್ಯೆ ಇಲ್ಲಿ ಬೇಡ.

ಬಯೋಡೀಸೆಲ್ ಗಟ್ಟಿಯಾಗುವುದು ಬೇರೆ ಕಾರಣಕ್ಕೆ. ಯಾವ ಎಣ್ಣೆಯಿಂದ ಮಾಡಿದ್ದು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹೋಟೆಲುಗಳಲ್ಲಿ ಕರಿಯುವುದು ಹೆಚ್ಚಾಗಿ ತಾಳೆ ಎಣ್ಣೆಯಿಂದ ಬರುವ ಪಾಮೋಲಿನ್‌ನಲ್ಲಿ. ತಾಳೆ ಎಣ್ಣೆಯಲ್ಲಿ ಪಾಮಿಟಿಕ್ ಅನ್ನುವ ಕೊಬ್ಬು ಜಾಸ್ತಿ. ಬಯೋಡೀಸೆಲ್ ಮಾಡುವಾಗ ಕೊಬ್ಬು ಎಸ್ಟರ್ ಅನ್ನುವ ವಸ್ತುವಾಗುತ್ತದೆ. ಪಾಮಿಟಿಕ್‌ನಿಂದ ಹುಟ್ಟುವ ಎಸ್ಟರ್ ತಾನೊಂದೇ ಇದ್ದರೆ ಸುಮಾರು 30 ಡಿಗ್ರಿಯಲ್ಲೇ ಗಟ್ಟಿ. ಹೊಂಗೆ ಎಣ್ಣೆಯಲ್ಲಿ ಓಲೀಕ್ ಅನ್ನುವ ಕೊಬ್ಬು ಜಾಸ್ತಿ. ಓಲೀಕ್‌ನ ಎಸ್ಟರ್ ತಾನೊಂದೇ ಇದ್ದರೆ ಸುಮಾರು ಮೈನಸ್ 20ರವರೆಗೂ ಗಟ್ಟಿಯಾಗುವುದಿಲ್ಲ. ಇಲ್ಲೊಂದು ತಮಾಷೆ ಇದೆ. ತೆಂಗಿನೆಣ್ಣೆ 24 ಡಿಗ್ರಿಗೇ ಬಾಟಲಿಯಲ್ಲಿ ಕಲ್ಲಾಗುತ್ತದೆ, ಎಲ್ಲರಿಗೂ ಗೊತ್ತು. ಆದರೆ ಅದರಿಂದ ಮಾಡಿದ ಬಯೋಡೀಸೆಲ್ ಸೊನ್ನೆ ಡಿಗ್ರಿಯ ಆಸುಪಾಸಿನವರೆಗೂ ಮಸುಕಾಗುವುದಿಲ್ಲ. ಅದರ ಕೊಬ್ಬಿನ ಸರಪಳಿ ಗಿಡ್ಡ. ಹಾಗಾಗಿ ಅಡುಗೆಮನೆಯ ಬಾಟಲಿ ನೋಡಿ ಟ್ಯಾಂಕಿನ ಲೆಕ್ಕ ಹೇಳಲು ಆಗುವುದಿಲ್ಲ.

ಭಾವನಿಗೆ ಫೋನ್ ಮಾಡಿದೆ. "ಅಯ್ಯೋ, ನಿಮ್ಮ ತಗ್ಗಿನ ಚಳಿ ನನ್ನ ತಲೆಗೇ ಬರಲಿಲ್ಲ ನೋಡು" ಎಂದರು. ಶಿವಮೊಗ್ಗದಲ್ಲಿ ಅವರ ಗಾಡಿ ಅದೇ ಎಣ್ಣೆಯಲ್ಲಿ ಓಡುತ್ತಿತ್ತು. ತಪ್ಪು ಅವರದ್ದಲ್ಲ. ಕೇಳದೇ ಸುರಿದುಕೊಂಡವನು ನಾನು.

ಬಾಟಲಿ ಮತ್ತು ಪಂಚೆ

ಇಲ್ಲಿಂದ ಕೆಲಸ ಶುರು. ಮೊದಲು ನನ್ನ ಎಣ್ಣೆ ಯಾವ ಡಿಗ್ರಿಗೆ ಮಸುಕಾಗುತ್ತದೆ ಅಂತ ತಿಳಿಯಬೇಕಿತ್ತು. ಉಪ್ಪಿನಕಾಯಿಯ ಐದು ಗಾಜಿನ ಬಾಟಲಿ ತೊಳೆದು ಚೆನ್ನಾಗಿ ಒಣಗಿಸಿದೆ. ಒಂದರಲ್ಲಿ ಬರೀ ಬಯೋಡೀಸೆಲ್, ಒಂದರಲ್ಲಿ ಬರೀ ಬಂಕಿನ ಡೀಸೆಲ್, ಉಳಿದ ಮೂರರಲ್ಲಿ ಕಾಲು, ಅರ್ಧ, ಮುಕ್ಕಾಲು ಮಿಶ್ರಣ. ಮಿಶ್ರಣವನ್ನು ಮಧ್ಯಾಹ್ನವೇ ಮಾಡಬೇಕು. ಎರಡೂ ಬೆಚ್ಚಗಿದ್ದರೆ ಮಾತ್ರ ಸರಿಯಾಗಿ ಬೆರೆಯುತ್ತವೆ. ಒಂದು ಸಲ ಹರಳು ಕಟ್ಟಿದ ಮೇಲೆ ಡೀಸೆಲ್ ಸುರಿದರೆ ಅದು ಬೇಗ ಕರಗುವುದಿಲ್ಲ.

ಬಾಟಲಿಗಳನ್ನು ಫ್ರಿಜ್ಜಿನಲ್ಲಿಟ್ಟೆ. ಮುಚ್ಚಳ ಭದ್ರ ಮಾಡಿ ಎರಡು ಪ್ಲಾಸ್ಟಿಕ್ ಚೀಲ ಸುತ್ತಿದ್ದೆ. ಆದರೂ ಎರಡು ದಿನ ಹಾಲಿಗೆ ವಾಸನೆ ಬಂತು ಅಂತ ಮನೆಯಲ್ಲಿ ಹೇಳಿದರು. ಬಂದಿತ್ತೋ ಇಲ್ಲವೋ, ನಾನು ವಾದ ಮಾಡಲಿಲ್ಲ. ಅರ್ಧ ಗಂಟೆಗೊಮ್ಮೆ ತೆಗೆದು, ಥರ್ಮಾಮೀಟರ್ ಅದ್ದಿ, ಬಾಟಲಿಯ ಹಿಂದೆ ಪೇಪರ್ ಹಿಡಿದು ನೋಡುತ್ತಿದ್ದೆ. ಅಕ್ಷರ ಮಬ್ಬಾದರೆ ಬರೆದುಕೊಳ್ಳುವುದು. ಬರೀ ಬಯೋಡೀಸೆಲ್ 14 ಡಿಗ್ರಿಗೆ ಮಬ್ಬಾಯಿತು. 10ಕ್ಕೆ ಬಂದಾಗ ಬಾಟಲಿ ಓರೆ ಮಾಡಿದರೆ ಮೊಸರಿನ ಹಾಗೆ ಜಾರುತ್ತಿತ್ತು. ಅರ್ಧಕ್ಕರ್ಧ ಬೆರೆಸಿದ್ದು 9ಕ್ಕೆ ಮಬ್ಬು. ಕಾಲು ಭಾಗ ಬಯೋಡೀಸೆಲ್ ಇದ್ದದ್ದು 5ರಲ್ಲಿ ಸ್ವಲ್ಪ ಮಂಜು. ಬಂಕಿನ ಡೀಸೆಲ್ ಮಾತ್ರ 5ರಲ್ಲೂ ತಿಳಿಯಾಗಿಯೇ ಇತ್ತು. ಇವು ನನ್ನ ಬ್ಯಾರಲ್ಲಿನ ಅಂಕಿ. ನಿಮ್ಮ ಎಣ್ಣೆಗೆ ನಿಮ್ಮ ಬಾಟಲಿಯೇ ಆಗಬೇಕು.

ಮಬ್ಬಾಗುವುದು ಗೊತ್ತಾಯಿತು. ಫಿಲ್ಟರ್ ಕಟ್ಟುವುದು ಯಾವಾಗ? ಪ್ರಯೋಗಾಲಯದಲ್ಲಿ ಸಿಎಫ್‌ಪಿಪಿ ನೋಡಲು 45 ಮೈಕ್ರಾನಿನ ಜಾಲರಿಯ ಮೂಲಕ 20 ಮಿಲಿ ಲೀಟರ್ ಎಣ್ಣೆ ಎಳೆಯುತ್ತಾರೆ. 60 ಸೆಕೆಂಡಿನೊಳಗೆ ಬರದಿದ್ದರೆ ಅಲ್ಲಿಗೆ ಫೇಲ್. ನನ್ನ ಹತ್ತಿರ ಅಂಥ ಜಾಲರಿ ಎಲ್ಲಿಂದ? ಅಪ್ಪನ ಹಳೇ ಪಂಚೆ ಇತ್ತು. ಎರಡು ಮಡಿಕೆ ಮಾಡಿ ಆಲಿಕೆಯ ಬಾಯಿಗೆ ಕಟ್ಟಿ, ಒಂದು ಲೋಟ ಎಣ್ಣೆ ಸುರಿದು ಗಡಿಯಾರ ನೋಡುವುದು. ಬೆಚ್ಚಗಿನ ಎಣ್ಣೆ ಅರ್ಧ ನಿಮಿಷದಲ್ಲಿ ಇಳಿಯಿತು. 11 ಡಿಗ್ರಿಯ ಬರೀ ಬಯೋಡೀಸೆಲ್ ಐದು ನಿಮಿಷ ಕಳೆದರೂ ಮೇಲೆಯೇ ಕೂತಿತ್ತು. ಪಂಚೆ ಬಿಚ್ಚಿ ನೋಡಿದರೆ ಫಿಲ್ಟರಿನಲ್ಲಿ ಸಿಕ್ಕಿದ್ದ ಅದೇ ತುಪ್ಪ.

ಕೆಟ್ಟುಹೋದ ಉಪಾಯಗಳು

ಮೊದಲು ಟ್ಯಾಂಕಿಗೆ ಗೋಣಿಚೀಲ ಸುತ್ತಿದೆ, ಮೇಲೊಂದು ಹಳೇ ಕಂಬಳಿ. ಪ್ರಯೋಜನ ಸೊನ್ನೆ. ಕಂಬಳಿ ಬಿಸಿ ಹುಟ್ಟಿಸುವುದಿಲ್ಲ, ಇರುವ ಬಿಸಿಯನ್ನು ತಡೆಯುತ್ತದೆ ಅಷ್ಟೇ. ಹತ್ತು ಲೀಟರ್ ಎಣ್ಣೆಯಲ್ಲಿ ಇಡೀ ರಾತ್ರಿಗೆ ಸಾಲುವಷ್ಟು ಬಿಸಿ ಎಲ್ಲಿರುತ್ತದೆ? ಆ ಕಂಬಳಿಯೊಳಗೆ ಇಲಿ ಮರಿ ಹಾಕಿತು, ಅದೊಂದೇ ಲಾಭ.

ಅಂಗಡಿಯಲ್ಲಿ ಒಂದು ಬಾಟಲಿ ಅಡಿಟಿವ್ ಕೊಟ್ಟರು, ಚಳಿಗೆ ಫಿಲ್ಟರ್ ಕಟ್ಟದ ಹಾಗೆ ಎಣ್ಣೆಗೆ ಬೆರೆಸುವ ರಾಸಾಯನಿಕ. ಇಂಥವು ಸುಳ್ಳಲ್ಲ. ಪ್ಯಾರಾಫಿನ್ ಹರಳುಗಳು ದೊಡ್ಡದಾಗಿ ಒಂದಕ್ಕೊಂದು ಹೆಣೆದುಕೊಳ್ಳದ ಹಾಗೆ ತಡೆಯುತ್ತವೆ. ಹರಳನ್ನು ಕರಗಿಸುವುದಿಲ್ಲ, ಸಣ್ಣದಾಗಿ ಇಡುತ್ತವೆ. ಅದಕ್ಕೇ ಎಣ್ಣೆ ಮಸುಕಾಗುವ ಮೊದಲೇ ಹಾಕಬೇಕು. ಆದರೆ ಅವು ಬಂಕಿನ ಡೀಸೆಲ್‌ಗೆ ಮಾಡಿದ್ದು. ತಾಳೆ ಎಣ್ಣೆಯ ಬಯೋಡೀಸೆಲ್‌ನಲ್ಲಿ ಹೆಚ್ಚೇನೂ ಕೆಲಸ ಮಾಡುವುದಿಲ್ಲ. ನನ್ನ ಬಾಟಲಿಯಲ್ಲೂ ಮಾಡಲಿಲ್ಲ.

ಸೀಮೆಎಣ್ಣೆ ಸೇರಿಸಿ ಅಂತ ಹೇಳುವವರು ಊರಿಗೆ ನಾಲ್ಕು ಜನ ಇದ್ದಾರೆ. ಸೀಮೆಎಣ್ಣೆ ಸೇರಿದರೆ ಮೇಣ ಕಡಿಮೆಯಾಗುವುದು ಹೌದು. ಆದರೆ ಅದರಲ್ಲಿ ಜಿಡ್ಡಿನ ಗುಣ ಕಡಿಮೆ. ಎಂಜಿನ್ನಿಗೆ ಎಣ್ಣೆ ಒತ್ತುವ ಇಂಜೆಕ್ಷನ್ ಪಂಪಿನೊಳಗಿನ ದಂಡ, ಅಂದರೆ ಪ್ಲಂಜರ್, ಸವೆಯುತ್ತದೆ. ರೇಷನ್ನಿನ ನೀಲಿ ಸೀಮೆಎಣ್ಣೆಯನ್ನು ಎಂಜಿನ್ನಿಗೆ ಹಾಕುವುದು ಕಾನೂನಿಗೂ ವಿರುದ್ಧ. ಅದನ್ನು ಮುಟ್ಟಲಿಲ್ಲ.

ಆಮೇಲೆ ಬಂತು ಬಿಸಿ ನೀರಿನ ಯೋಚನೆ. ಎಂಜಿನ್ನಿನಿಂದ ಹೊರಗೆ ಬೀಳುವ ನೀರು ಸುಮ್ನೆ ಚರಂಡಿಗೆ ಹೋಗುತ್ತದಲ್ವಾ? ಅದರ ನಡುವೆ ಎಣ್ಣೆಯ ಪೈಪು ಹಾದುಹೋದರೆ ಎಣ್ಣೆ ಬಿಸಿಯಾಗುತ್ತದೆ. ಹಾಲು ತರುತ್ತಿದ್ದ ಎರಡು ಲೀಟರಿನ ಸ್ಟೀಲ್ ಕ್ಯಾನ್ ಒಂದು ಅಟ್ಟದಲ್ಲಿತ್ತು. ಅದರ ತಳಕ್ಕೆ ನೀರು ಬರಲು ಒಂದು ನಳಿಕೆ, ಮೇಲೆ ಹೊರಗೆ ಹೋಗಲು ಒಂದು ನಳಿಕೆ ಬೆಸುಗೆ ಹಾಕಿಸಿದೆ. ಫ್ರಿಜ್ ರಿಪೇರಿಯವರ ಹತ್ತಿರ ಎರಡು ಮೀಟರ್ ತಾಮ್ರದ ಕೊಳವೆ ತಂದು, ಎರಡಿಂಚಿನ ಪೈಪಿಗೆ ಒಂಬತ್ತು ಸುತ್ತು ಸುತ್ತಿ ಸುರುಳಿ ಮಾಡಿದೆ. ಸುತ್ತುವ ಮೊದಲು ಕೊಳವೆಯೊಳಗೆ ಒಣ ಮರಳು ತುಂಬಿ ಎರಡೂ ಬಾಯಿ ಮುಚ್ಚಬೇಕು, ಇಲ್ಲದಿದ್ದರೆ ಮಡಿಚಿಹೋಗುತ್ತದೆ. ಆಮೇಲೆ ಆ ಮರಳನ್ನು ಒಂದು ಕಾಳೂ ಬಿಡದೆ ತೆಗೆಯಬೇಕು. ನಾನು ಮೂರು ಸಲ ಡೀಸೆಲ್ ಹಾಕಿ ತೊಳೆದು, ಸೈಕಲ್ ಪಂಪಿನಿಂದ ಊದಿದೆ. ಒಂದು ಕಾಳು ಮರಳು ಪ್ಲಂಜರಿಗೆ ಹೋದರೆ ಕಥೆ ಮುಗಿಯಿತು.

ಸುರುಳಿಯನ್ನು ಫಿಲ್ಟರಿಗೆ ಮೊದಲೇ ಕೂರಿಸಬೇಕು. ಎಣ್ಣೆ ಬಿಸಿಯಾಗಿಯೇ ಫಿಲ್ಟರಿಗೆ ಹೋಗಬೇಕು. ನೀರಿನ ಕಾಕನ್ನು ಸ್ವಲ್ಪ ತಿರುವಿ, ಹೊರಬರುವ ನೀರಿನಲ್ಲಿ ಕೈ ಇಟ್ಟರೆ ಜಾಸ್ತಿ ಹೊತ್ತು ತಡೆಯಲಾಗದಷ್ಟು ಬಿಸಿ ಮಾಡಿಕೊಂಡೆ. ಫಿಲ್ಟರ್ ಬಾಯಲ್ಲಿ ಎಣ್ಣೆ 44 ಡಿಗ್ರಿ. ಇಷ್ಟು ಸಾಕು. ಇನ್ನೂ ಬಿಸಿಯಾದರೆ ಎಣ್ಣೆ ತೆಳುವಾಗಿ ಪಂಪಿನೊಳಗೆ ಜಿಡ್ಡು ಸಾಲುವುದಿಲ್ಲ.

ಆದರೆ ಎಂಜಿನ್ ತಣ್ಣಗಿರುವಾಗ ಬಿಸಿ ನೀರು ಎಲ್ಲಿಂದ ಬರಬೇಕು? ಹಾಗಾಗಿ ಎರಡು ಟ್ಯಾಂಕ್. ಸಣ್ಣದರಲ್ಲಿ ಬಂಕಿನ ಡೀಸೆಲ್, ದೊಡ್ಡದರಲ್ಲಿ ಬಯೋಡೀಸೆಲ್. ಡೀಸೆಲ್‌ನಲ್ಲಿ ಶುರು ಮಾಡಿ, ಹತ್ತು ನಿಮಿಷ ಬಿಟ್ಟು ಕಾಕ್ ತಿರುಗಿಸುವುದು. ನಿಲ್ಲಿಸುವ ಐದು ನಿಮಿಷ ಮೊದಲು ಮತ್ತೆ ಡೀಸೆಲ್‌ಗೆ ಬರುವುದು. ಆಗ ಫಿಲ್ಟರ್, ಇಂಜೆಕ್ಷನ್ ಪಂಪು, ಎಣ್ಣೆ ಚಿಮ್ಮಿಸುವ ನಾಝಲ್ ಎಲ್ಲದರಲ್ಲೂ ಡೀಸೆಲ್ಲೇ ಉಳಿಯುತ್ತದೆ, ಮರುದಿನ ಬೆಳಿಗ್ಗೆ ಕಟ್ಟುವುದಿಲ್ಲ.

ಚೆನ್ನಾಗಿದೆ ಅನಿಸುತ್ತದಲ್ವಾ? ನನಗೂ ಅನಿಸಿತ್ತು. ಮೊದಲ ಬೆಳಿಗ್ಗೆ ಡೀಸೆಲ್‌ನಲ್ಲಿ ಶುರು ಮಾಡಿದೆ, ನೀರು ಬಿಸಿಯಾಯಿತು, ಕಾಕ್ ತಿರುಗಿಸಿದೆ. ನಿಂತುಹೋಯಿತು. ಫಿಲ್ಟರ್ ತಿಳಿಯಾಗಿಯೇ ಇತ್ತು, ಸುರುಳಿ ಬಿಸಿಯಾಗಿಯೇ ಇತ್ತು. ಆದರೆ ದೊಡ್ಡ ಟ್ಯಾಂಕಿನ ಬಾಯಲ್ಲೇ ಎಣ್ಣೆ ಮೊಸರಾಗಿ ಕೂತಿತ್ತು. ಟ್ಯಾಂಕಿನಿಂದ ಇಳಿದರೆ ತಾನೇ ಸುರುಳಿಗೆ ಬರುವುದು! ಫಿಲ್ಟರ್ ಒಂದನ್ನೇ ನೋಡುತ್ತಾ ಕೂತವನಿಗೆ ಅದರ ಹಿಂದಿನ ಒಂದು ಮೀಟರ್ ಪೈಪು ಕಾಣಲೇ ಇಲ್ಲ.

ಚಳಿಯ ಕೈಯಿಂದಲೇ ಸೋಸುವುದು

ಆವತ್ತು ಸಂಜೆ ಅಮ್ಮ ಬೆಣ್ಣೆ ಕಾಯಿಸುತ್ತಿದ್ದರು. ತಿಳಿ ತುಪ್ಪ ಮೇಲೆ, ಗಸಿ ತಳದಲ್ಲಿ. ಟ್ಯಾಂಕಿನಲ್ಲಿ ಆಗುತ್ತಿರುವುದೂ ಒಂದು ರೀತಿ ಇದೇ. ಗಟ್ಟಿಯಾಗುವ ಭಾಗ ಬೇರೆಯಾಗುತ್ತಿದೆ. ಅದು ಫಿಲ್ಟರಿನಲ್ಲಿ ಬೇರೆಯಾದರೆ ತೊಂದರೆ. ನಾನೇ ಮೊದಲು ಬೇರೆ ಮಾಡಿಬಿಟ್ಟರೆ? ಎಣ್ಣೆ ಗಿರಣಿಯವರು ಇದನ್ನೇ ದೊಡ್ಡದಾಗಿ ಮಾಡುತ್ತಾರೆ. ಪಾಮೋಲಿನ್ ಹುಟ್ಟಿದ್ದೂ ಹಾಗೆಯೇ, ತಾಳೆ ಎಣ್ಣೆಯನ್ನು ತಣಿಸಿ ಗಟ್ಟಿ ಭಾಗ ಸೋಸಿ ತೆಗೆದು.

ಮೊದಲು ಬ್ಯಾರಲ್ಲನ್ನೇ ಹೊರಗಿಟ್ಟೆ. ಬೆಳಿಗ್ಗೆ ಹೊರಗೆ 11, ಬ್ಯಾರಲ್ಲಿನ ನಡುವೆ 17. ಅಷ್ಟು ಎಣ್ಣೆ ಒಂದು ರಾತ್ರಿಗೆ ತಣಿಯುವುದಿಲ್ಲ. ಬಿಸಿಲು ಬಂದರೆ ಮತ್ತೆ ಏರುತ್ತದೆ. ಆಮೇಲೆ ಇಪ್ಪತ್ತು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನುಗಳಿಗೆ ಹಂಚಿದೆ. ಬಿಳಿಯದ್ದೇ ಆಗಬೇಕು, ಒಳಗಿನ ಪದರ ಹೊರಗಿನಿಂದ ಕಾಣಬೇಕು. ಅವನ್ನು ಹಳ್ಳದ ದಂಡೆಯ ನೆರಳಿನಲ್ಲಿ ಸಾಲಾಗಿ ಇಟ್ಟೆ. ಮುಚ್ಚಳ ಬಿಗಿ, ಮೇಲೊಂದು ಅಡಿಕೆ ಹಾಳೆ, ಇಬ್ಬನಿ ಒಳಗೆ ಹೋಗಬಾರದು. ಬಯೋಡೀಸೆಲ್ ನೀರು ಹೀರುತ್ತದೆ.

ಮೊದಲ ರಾತ್ರಿಗೆ ಬರೀ ಮಸುಕು. ಮೂರನೇ ಬೆಳಿಗ್ಗೆಗೆ ಗೆರೆ ಎಳೆದ ಹಾಗೆ ಪದರ ಕಾಣಿಸಿತು. ಮೇಲೆ ಜೇನಿನ ಬಣ್ಣದ ತಿಳಿ, ಕೆಳಗೆ ಬೆಳ್ಳಗಿನ ಗಸಿ. ನಿಧಾನವಾಗಿ ತಣಿದಷ್ಟೂ ಹರಳು ದಪ್ಪ, ದಪ್ಪ ಹರಳು ಬೇಗ ಕೆಳಗೆ ಕೂರುತ್ತದೆ. ಗಡಿಬಿಡಿಯಲ್ಲಿ ಫ್ರಿಜ್ಜಿನಲ್ಲಿ ತಣಿಸಿದ ಬಾಟಲಿಯಲ್ಲಿ ಹೀಗೆ ಬೇರೆಯಾಗಿರಲಿಲ್ಲ. ಇಡೀ ಬಾಟಲಿ ಮೊಸರಾಗಿತ್ತು.

ತಿಳಿ ತೆಗೆಯುವುದು ಬೆಳಿಗ್ಗೆ ಐದೂವರೆಗೆ. ಸೂರ್ಯ ಬಂದರೆ ಗಸಿ ಕರಗಲು ಶುರು, ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಕ್ಯಾನ್ ಅಲ್ಲಾಡಿಸದೆ, ಪೈಪ್ ಇಳಿಬಿಟ್ಟು ಸೈಫನ್ ಮಾಡುವುದು, ಬಾಯಿಂದ ಎಳೆಯದೆ. ಪಂಚೆಯಲ್ಲಿ ಸೋಸುವುದೂ ಅದೇ ಚಳಿಯಲ್ಲಿ. ಇಪ್ಪತ್ತು ಲೀಟರಿನಲ್ಲಿ ಹದಿನಾಲ್ಕು ಹದಿನೈದು ಲೀಟರ್ ತಿಳಿ ಸಿಕ್ಕಿತು. ಉಳಿದ ಗಸಿಯನ್ನು ಬೇರೆ ಕ್ಯಾನಿಗೆ ತುಂಬಿ 'ಏಪ್ರಿಲ್' ಅಂತ ಬರೆದಿಟ್ಟೆ. ಬೇಸಿಗೆಯಲ್ಲಿ ಅದೂ ಚೆನ್ನಾಗಿಯೇ ಉರಿಯುತ್ತದೆ.

ತಿಳಿಯನ್ನು ಬಾಟಲಿಗೆ ಹಾಕಿ ನೋಡಿದೆ. 11ರವರೆಗೂ ಸ್ವಚ್ಛ, ಅದರ ಕೆಳಗೆ ಮತ್ತೆ ಮಬ್ಬು. ಸರಿಯಾಗಿಯೇ ಇದೆ. 11ರಲ್ಲಿ ಸೋಸಿದ್ದು 11ರವರೆಗೆ ಮಾತ್ರ ಭರವಸೆ ಕೊಡುತ್ತದೆ. ಜನವರಿಯಲ್ಲಿ ಇನ್ನೂ ಎರಡು ಮೂರು ಡಿಗ್ರಿ ಇಳಿಯುತ್ತದೆ. ಹಾಗಾಗಿ 40 ಪಾಲು ತಿಳಿಗೆ 60 ಪಾಲು ಬಂಕಿನ ಡೀಸೆಲ್, ಮಧ್ಯಾಹ್ನದ ಹೊತ್ತು ಬೆರೆಸಿದೆ. ಈ ಮಿಶ್ರಣ 6 ಡಿಗ್ರಿಯಲ್ಲೂ ಪಂಚೆಯಿಂದ ಸರಾಗವಾಗಿ ಇಳಿಯಿತು. ದೊಡ್ಡ ಟ್ಯಾಂಕಿಗೆ ಈಗ ಇದೇ.

ಇನ್ನೆರಡು ತಪ್ಪು

ತಾಮ್ರದ ಸುರುಳಿಯನ್ನು ಎರಡು ವಾರ ಬಿಟ್ಟು ಬಿಚ್ಚಿದಾಗ ಒಳಗೆ ಉಳಿದಿದ್ದ ಎಣ್ಣೆಗೆ ಹಸಿರು ಬಣ್ಣ ಬಂದಿತ್ತು. ಭಾವ ಕೇಳಿದ ತಕ್ಷಣ ಬೈದರು. "ತಾಮ್ರ ಹಾಕಬಾರದು ಮಾರಾಯ, ಎಣ್ಣೆ ಕೆಟ್ಟು ಅಂಟಾಗ್ತದೆ. ಹಿತ್ತಾಳೆನೂ ಬೇಡ." ತಾಮ್ರ ಎಣ್ಣೆಯನ್ನು ಬೇಗ ಹಳಸುವ ಹಾಗೆ ಮಾಡುತ್ತದೆ. 8 ಎಂಎಂ ಸ್ಟೇನ್‌ಲೆಸ್ ಕೊಳವೆ ತಂದು ಮತ್ತೆ ಸುತ್ತಬೇಕಾಯಿತು. ಅದು ಕೈಯಲ್ಲಿ ಬಗ್ಗುವುದಿಲ್ಲ, ಶಿವಮೊಗ್ಗದಲ್ಲಿ ಲೇತ್‌ನವರ ಹತ್ತಿರ ಸುತ್ತಿಸಿದೆ. ಹಿತ್ತಾಳೆ ಕಾಕ್ ತೆಗೆದು ಎರಡು ಸ್ಟೀಲ್ ಬಾಲ್ ವಾಲ್ವ್, ಎರಡೂ ಪೈಪು ಕೂಡಿಸಲು ಒಂದು ಟೀ ಜಾಯಿಂಟ್ ಹಾಕಿದೆ. ಎರಡು ಸಲ ಮಾಡಿದ್ದೆಲ್ಲ ಸೇರಿ ಖರ್ಚು 3,100 ರೂಪಾಯಿ. ಮೊದಲೇ ಕೇಳಿದ್ದರೆ 2,000ದಲ್ಲಿ ಮುಗಿಯುತ್ತಿತ್ತು.

ಎರಡನೆಯದು ಸಣ್ಣದು, ಆದರೆ ಹಿಡಿಯಲು ಕಷ್ಟವಾದದ್ದು. ನಾಝಲ್‌ನಿಂದ ಸೋರುವ ಹೆಚ್ಚುವರಿ ಎಣ್ಣೆ ಒಂದು ತೆಳು ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ನಾನು ಅದನ್ನು ಮೊದಲಿದ್ದ ಹಾಗೆಯೇ ಸಣ್ಣ ಟ್ಯಾಂಕಿಗೆ ಬಿಟ್ಟಿದ್ದೆ. ಆಗ ದೊಡ್ಡ ಟ್ಯಾಂಕಿನಲ್ಲಿ ಮಿಶ್ರಣ ಇನ್ನೂ ಮಾಡಿರಲಿಲ್ಲ, ಬಿಸಿಲೇರಿದ ಮೇಲೆ ಬರೀ ಬಯೋಡೀಸೆಲ್ ಓಡಿಸುತ್ತಿದ್ದೆ. ಹನಿ ಹನಿಯಾಗಿ ಅದು ಶುರು ಮಾಡುವ ಡೀಸೆಲ್‌ಗೆ ಸೇರುತ್ತಾ ಹೋಯಿತು. ಒಂದು ಬೆಳಿಗ್ಗೆ ಡೀಸೆಲ್‌ನಲ್ಲೇ ಎಂಜಿನ್ ನಿಂತಾಗ ಬಂಕಿನವರ ಮೇಲೆ ಅನುಮಾನ ಬಂತು. ಅವರಿಗೆ ಬೈಯುವ ಮೊದಲು ಸಣ್ಣ ಟ್ಯಾಂಕಿನದ್ದನ್ನು ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟೆ. 9ಕ್ಕೆ ಮಬ್ಬು, ಅರ್ಧಕ್ಕರ್ಧ ಬೆರೆಸಿದ ಬಾಟಲಿಯ ಹಾಗೆಯೇ. ಬೈಗುಳ ಉಳಿಯಿತು. ಆ ಪೈಪನ್ನು ದೊಡ್ಡ ಟ್ಯಾಂಕಿಗೆ ತಿರುಗಿಸಿದೆ.

ಇದನ್ನೆಲ್ಲ ಓದಿ ಯಾರೂ ಹೊಸ ಬಿಎಸ್6 ಕಾರಿಗೋ ಹೊಸ ಟ್ರ್ಯಾಕ್ಟರಿಗೋ ಬಯೋಡೀಸೆಲ್ ಸುರಿಯಬೇಡಿ. ಅದರ ಪಂಪು, ನಾಝಲ್, ಹೊಗೆ ಸೋಸುವ ಸಾಮಾನು ಎಲ್ಲ ಬೇರೆ ಜಾತಿ. ಮನೆಯಲ್ಲಿ ಬಯೋಡೀಸೆಲ್ ಮಾಡುವ ವಿಧಾನವನ್ನೂ ನಾನು ಬರೆಯುವುದಿಲ್ಲ. ಅದಕ್ಕೆ ಮೆಥನಾಲ್ ಬೇಕು, ಮೆಥನಾಲ್ ವಿಷ.

ಈಗ ಶೆಡ್ಡಿನ ಬಾಗಿಲ ಮೊಳೆಗೆ ಒಂದು ಸಣ್ಣ ಬಾಟಲಿ ತೂಗುಹಾಕಿದ್ದೇನೆ. ಒಳಗೆ ದೊಡ್ಡ ಟ್ಯಾಂಕಿನದ್ದೇ ಎಣ್ಣೆ. ಬೆಳಿಗ್ಗೆ ಟಾರ್ಚ್ ಬಿಟ್ಟು ಮೊದಲು ಅದನ್ನು ನೋಡುತ್ತೇನೆ. ತಿಳಿಯಾಗಿದ್ದರೆ ಹತ್ತು ನಿಮಿಷಕ್ಕೇ ವಾಲ್ವ್ ತಿರುಗಿಸುವುದು, ಮಬ್ಬಿದ್ದರೆ ಇಡೀ ಪಾಳಿ ಡೀಸೆಲ್‌ನಲ್ಲೇ. ಜನವರಿಯಲ್ಲಿ ಶೆಡ್ಡಿನ ಅತಿ ಕಡಿಮೆ 8 ಡಿಗ್ರಿ. ಆವತ್ತೂ ಬಾಟಲಿ ತಿಳಿಯಾಗಿಯೇ ಇತ್ತು. ಹೀಗೆ ನೋಡಿದರೆ ಬಿಸಿ ನೀರಿನ ಕ್ಯಾನ್ ಅಷ್ಟೇನೂ ಬೇಕಾಗಿರಲಿಲ್ಲ. ಕಷ್ಟಪಟ್ಟು ಮಾಡಿದ್ದು, ಬಿಚ್ಚಲು ಮನಸ್ಸಿಲ್ಲ.

ಬಾಕಿ ಇರುವ ಕೆಲಸ ಒಂದು. ಟ್ಯಾಂಕಿನಿಂದ ಬರುವ ಹಳೇ ರಬ್ಬರ್ ಪೈಪು ಬಯೋಡೀಸೆಲ್‌ಗೆ ಮೆತ್ತಗಾಗಿ ಕ್ಲಿಪ್ಪಿನ ಹತ್ತಿರ ಜಿನುಗುತ್ತಿದೆ. ಬಯೋಡೀಸೆಲ್ ತಡೆದುಕೊಳ್ಳುವ ವೈಟಾನ್ ಅನ್ನುವ ರಬ್ಬರಿನ ಪೈಪು ಬೇಕು. ಊರಿನ ಅಂಗಡಿಯಲ್ಲಿ ಹೆಸರು ಹೇಳಿದರೆ ವೈಟ್ ಕಲರಿನ ಪೈಪು ತೆಗೆದುಕೊಡುತ್ತಾರೆ. ಮುಂದಿನ ವಾರ ಶಿವಮೊಗ್ಗಕ್ಕೆ ಹೋದಾಗ ನಾನೇ ನೋಡಿ ತರಬೇಕು.